ವಾಲಗದವರ ಕುರ್ಚಿ ಎಲ್ಲಿ?



ಇವತ್ತು ವಿಧಾನಸೌಧದ ಕಡೆ ಹೋಗೋದು ಬೇಡ. ಒಂದು ಮದುವೆ ಮನೆಗೆ ಹೋಗಿ ಬರೋಣ. ಕಳೆದ ವಾರ ದೇವನಹಳ್ಳಿ ಹತ್ತಿರದ ಒಂದು ಕಲ್ಯಾಣ ಮಂಟಪದಲ್ಲಿ ನಮ್ಮ ಸಂಬಂಧಿಕರ ಮದುವೆ. ಹಿಂದಿನ ರಾತ್ರಿ ರಿಸೆಪ್ಷನ್. ಊಟ ಚೆನ್ನಾಗಿತ್ತು, ಅದರಲ್ಲಿ ತಕರಾರಿಲ್ಲ. ತಕರಾರು ಸದ್ದಿನದು. ಮೂಲೆಯಲ್ಲಿ ಡಿಜೆ. ಎದೆಗೆ ಗುದ್ದಿದ ಹಾಗೆ ಢಬ್ ಢಬ್ ಢಬ್.

ನಾನು ಒಬ್ಬಟ್ಟಿನ ತಟ್ಟೆ ಹಿಡ್ಕೊಂಡು ಹೊರಗೆ ಹೋಗೋಣ ಅಂತ ಎದ್ದೆ. ಅಷ್ಟರಲ್ಲಿ ಆ ಢಬ್ ಢಬ್ ಮೇಲೆ ಒಂದು ಪಿಟೀಲಿನ ರಾಗ ತೇಲಿ ಬಂತು. ಅಲ್ಲೇ ನಿಂತುಬಿಟ್ಟೆ. ಮೊಜಾರ್ಟ್‌ನ ನಲವತ್ತನೇ ಸಿಂಫನಿ ಸ್ವಾಮಿ! 1961ರಲ್ಲೇ ಸಲೀಲ್ ಚೌಧರಿ ಅದನ್ನು ‘ಛಾಯಾ’ ಚಿತ್ರದ ಹಾಡಿಗೆ ತಂದಿದ್ದರು; ತಲತ್ ಮೆಹಮೂದ್, ಲತಾ ಹಾಡಿದ್ದು, ಹಿರಿಯರಿಗೆ ನೆನಪಿರುತ್ತೆ. ಆದರೆ ನಾನು ಅದನ್ನು ಮೊದಲು ಕೇಳಿದ್ದು ಸಿನಿಮಾದಲ್ಲಲ್ಲ. ದೊಡ್ಡಬಳ್ಳಾಪುರದಲ್ಲಿ, ನಮ್ಮ ಮಾವನ ಮಗ್ಗದ ಶೆಡ್ಡಿನಲ್ಲಿ.

ದೊಡ್ಡಬಳ್ಳಾಪುರದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಪವರ್‌ಲೂಮ್ ಸದ್ದಲ್ಲೇ ಹುಟ್ಟಿ, ಆ ಸದ್ದಲ್ಲೇ ನಿದ್ದೆ ಮಾಡಿದ ಊರು ಅದು. ಕರೆಂಟು ಹೋದರೆ ಮಕ್ಕಳಿಗೆ ಎಚ್ಚರ ಆಗ್ತಿತ್ತು, ಯಾಕೆಂದರೆ ಸದ್ದು ನಿಂತಿತು! ಮಾವನ ಶೆಡ್ಡಿನಲ್ಲಿ ನಾಲ್ಕು ಮಗ್ಗ, ಗೋಡೆಗೆ ಒಂದು ಗೂಡು, ಗೂಡಲ್ಲಿ ಟೇಪ್ ರೆಕಾರ್ಡರ್. ಲಾಳಿ ಓಡಾಡೋ ಟಕಾ ಟಕಾ ಮೇಲೇ ರಾಜ್‌ಕುಮಾರ್, ಅದರ ಮೇಲೇ ಪಿ.ಬಿ. ಶ್ರೀನಿವಾಸ್. ಒಂದು ದಿನ ಯಾರೋ ಮೆಜೆಸ್ಟಿಕ್‌ನಿಂದ ಒಂದು ಕಾಪಿ ಕ್ಯಾಸೆಟ್ ತಂದರು. ಕವರ್ ಮೇಲೆ ಹೆಸರೂ ಇರಲಿಲ್ಲ. ಹಾಕಿದರೆ ಅದೇನೋ ಇಂಗ್ಲಿಷ್ ವಾದ್ಯಸಂಗೀತ, ಒಂದು ರಾಗ ಮುಗಿಯೋಷ್ಟರಲ್ಲಿ ಇನ್ನೊಂದು, ಕೆಳಗೆ ಬಿಡದೆ ಹೊಡೆಯೋ ಡ್ರಮ್. ಮಾವ ಕೇಳಿ, ‘ಇದು ನಮ್ಮ ಮಗ್ಗ ನೋಡಿ ಮಾಡಿರೋದು ಕಣಯ್ಯಾ’ ಅಂದರು. ಎಲ್ಲರೂ ನಕ್ಕೆವು. ಮಾವ ನಗಲಿಲ್ಲ.

ಆ ಕ್ಯಾಸೆಟ್ಟಿನ ಹೆಸರು ‘ಹುಕ್ಡ್ ಆನ್ ಕ್ಲಾಸಿಕ್ಸ್’ ಅಂತ ನನಗೆ ಗೊತ್ತಾಗಿದ್ದು ಬಹಳ ವರ್ಷದ ಮೇಲೆ. 1981ರದ್ದು. ಮಾಡಿದವರು ಲೂಯಿಸ್ ಕ್ಲಾರ್ಕ್. ಅದಕ್ಕೂ ಮೊದಲು ಎಲೆಕ್ಟ್ರಿಕ್ ಲೈಟ್ ಆರ್ಕೆಸ್ಟ್ರಾ ಅನ್ನೋ ರಾಕ್ ತಂಡಕ್ಕೆ ಪಿಟೀಲು ವೃಂದದ ಸಂಯೋಜನೆ ಮಾಡಿಕೊಡುತ್ತಿದ್ದವರು. ನುಡಿಸಿದ್ದು ಲಂಡನ್ನಿನ ರಾಯಲ್ ಫಿಲ್‌ಹಾರ್ಮೋನಿಕ್ ಆರ್ಕೆಸ್ಟ್ರಾ. ಸರ್ ಥಾಮಸ್ ಬೀಚಮ್ 1946ರಲ್ಲಿ ಕಟ್ಟಿದ ವಾದ್ಯವೃಂದ ಅದು, ಸಣ್ಣಪುಟ್ಟ ತಂಡ ಅಲ್ಲ. ಹೊರತಂದಿದ್ದು ಕೆ-ಟೆಲ್. ಟಿವಿ ಜಾಹೀರಾತು ಕೊಟ್ಟು ತರಕಾರಿ ಹೆಚ್ಚೋ ಸಾಧನ ಮಾರುತ್ತಿದ್ದ ಕಂಪನಿ ಇದು! ಟಿವಿಯವನಾದ ನಾನು ಇದನ್ನು ಹೇಳದೆ ಬಿಟ್ಟರೆ ತಪ್ಪಾಗುತ್ತೆ. ಐದು ನಿಮಿಷದ ಒಂದು ಹಾಡಿನಲ್ಲಿ ಚೈಕೋವ್‌ಸ್ಕಿ, ಮೊಜಾರ್ಟ್, ಗ್ರೀಗ್, ಗರ್ಶ್ವಿನ್, ಎಲ್ಲರದೂ ಒಂದೊಂದು ತುಣುಕು. ಬ್ರಿಟನ್ನಿನ ಪಟ್ಟಿಯಲ್ಲಿ ಎರಡನೇ ಸ್ಥಾನಕ್ಕೆ ಏರಿತು, ಅಮೆರಿಕದಲ್ಲಿ ಮೊದಲ ಹತ್ತರೊಳಗೆ ಬಂತು.

ಪಂಡಿತರು ಉಗಿದರು. ಉಗಿದಿದ್ದರಲ್ಲಿ ನ್ಯಾಯವೂ ಇತ್ತು ಅನ್ನಿ. ಸಿಂಫನಿಯಲ್ಲಿ ಒಂದು ಕಡೆ ಓಟ, ಒಂದು ಕಡೆ ನಿಲುಗಡೆ, ಒಂದು ಕಡೆ ಉಸಿರು ಬಿಡೋ ಜಾಗ ಇರುತ್ತೆ. ಡಿಸ್ಕೋ ಡ್ರಮ್ಮಿಗೆ ಅದ್ಯಾವುದೂ ಗೊತ್ತಿಲ್ಲ. ನಾಲ್ಕೇ ಪೆಟ್ಟು, ಒಂದೇ ವೇಗ. ಅದರ ಮೇಲೆ ಕೂರಿಸಬೇಕೆಂದರೆ ಮೊಜಾರ್ಟ್‌ನ ಕೈಕಾಲು ಕಟ್ಟಲೇಬೇಕು. ಕಟ್ಟಿದರು.

ಆದರೂ ನನಗೆ ಆ ಕ್ಯಾಸೆಟ್ ಮೇಲೆ ಕೋಪ ಬರಲ್ಲ. ಯಾಕೆ ಅಂತ ಮದುವೆ ಮನೆಯಲ್ಲಿ ಅರ್ಥ ಆಯ್ತು.

ನಮ್ಮ ಕಡೆ ಬೆರಕೆಗೆ ಬೆಚ್ಚಿಬೀಳುವವರು ಕಡಿಮೆ. ಮೈಸೂರು ಅರಮನೆ ಬ್ಯಾಂಡು, ಈಗಿನ ಪೊಲೀಸ್ ಬ್ಯಾಂಡು, ವಿಲಾಯತಿ ವಾದ್ಯಗಳಲ್ಲಿ ತ್ಯಾಗರಾಜರ ಕೃತಿ ನುಡಿಸಿದೆ. ಆ ಅರಮನೆ ಬ್ಯಾಂಡಿನಲ್ಲೇ ಸ್ಯಾಕ್ಸೊಫೋನ್ ಕೇಳಿ ಮರುಳಾದವರು ಬಂಟ್ವಾಳ ಕಡೆಯ ಹುಡುಗ ಕದ್ರಿ ಗೋಪಾಲನಾಥ್. ಮನೆಯಲ್ಲಿ ಇದ್ದಿದ್ದು ನಾಗಸ್ವರ. ಅವರು ಸ್ಯಾಕ್ಸೊಫೋನಿನಲ್ಲಿ ಕರ್ನಾಟಕ ಸಂಗೀತ ನುಡಿಸಿ 1994ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ವರೆಗೂ ಹೋದರು. ಇನ್ನು ಅದೇ ರಾಯಲ್ ಫಿಲ್‌ಹಾರ್ಮೋನಿಕ್‌ನ ನೂರು ವಾದಕರಿಂದ 2023ರಲ್ಲಿ ನಮ್ಮ ರಾಷ್ಟ್ರಗೀತೆ ನುಡಿಸಿದವರು ಯಾರು? ಬೆಂಗಳೂರಿನ ರಿಕ್ಕಿ ಕೇಜ್. ಆಬೆ ರೋಡ್ ಸ್ಟುಡಿಯೋದಲ್ಲಿ.

ಮುಂಬೈನ ಚರಣ್‌ಜಿತ್ ಸಿಂಗ್ ಕಥೆ ಬೇರೆ. ಅವರು 1982ರಲ್ಲಿ ಹತ್ತು ರಾಗಗಳನ್ನು ಡಿಸ್ಕೋ ಬೀಟಿಗೆ ಕೂರಿಸಿದರು. ಜೊತೆಗೆ ವಾದ್ಯವೃಂದ ಇಲ್ಲ, ಮೂರು ಯಂತ್ರ, ಒಬ್ಬ ಮನುಷ್ಯ. ಆಗ ಕೇಳಿದವರು ಕಡಿಮೆ. 2010ರಲ್ಲಿ ಮರುಮುದ್ರಣ ಆದ ಮೇಲೆ ಜಗತ್ತೇ ತಿರುಗಿ ನೋಡಿತು. ಆದರೆ ಅಲ್ಲೂ ಒಬ್ಬ ವಾದಕ ಕೂತು ಬೆರಳಲ್ಲಿ ರಾಗ ನುಡಿಸುತ್ತಿದ್ದ, ಅದನ್ನು ಮರೀಬೇಡಿ.

ಈಗ ಮದುವೆ ಮನೆಗೆ ಬನ್ನಿ. ಬೆಳಗ್ಗೆ ಮುಹೂರ್ತ. ವಾಲಗದವರು ಬಂದಿದ್ದರು, ನಾಗಸ್ವರಕ್ಕೆ ಒಬ್ಬ ಹಿರಿಯರು, ಡೋಲಿಗೆ ಅವರ ತಮ್ಮನ ಮಗ. ಅವರಿಗೆ ಕುರ್ಚಿ ಹಾಕಿದ್ದು ಕೈತೊಳೆಯೋ ಜಾಗದ ಪಕ್ಕ. ಮೈಕ್ ಇಲ್ಲ. ಹಿರಿಯರು ಮೋಹನ ರಾಗ ಎತ್ತಿಕೊಂಡು ಇನ್ನೇನು ಬಿಡಿಸಬೇಕು, ಅಷ್ಟರಲ್ಲಿ ಸ್ಪೀಕರಿನಲ್ಲಿ ಇನ್ನೊಂದು ನಾಗಸ್ವರ! ಪೆನ್‌ಡ್ರೈವಿನದು. ವಿಡಿಯೋದವರಿಗೆ ಸದ್ದು ‘ಕ್ಲೀನ್’ ಆಗಿ ಬೇಕಂತೆ. ಗಟ್ಟಿಮೇಳವೂ ಪೆನ್‌ಡ್ರೈವಿನಲ್ಲೇ ಇತ್ತು. ಹಿರಿಯರು ನಾಗಸ್ವರ ತೊಡೆ ಮೇಲೆ ಇಟ್ಟುಕೊಂಡು ತಾಳಿ ಕಟ್ಟೋದನ್ನ ನೋಡ್ತಾ ಕೂತರು. ಅಕ್ಷತೆ ಹಾಕೋದು ನೆನಪಾಗಿ ಎದ್ದು ಹಾಕಿದರು.

ನನ್ನ ಹೊಟ್ಟೆ ಉರೀತು ಕಣ್ರೀ.

ಹೋಗಿ ಮಾತಾಡಿಸಿದೆ. ದೂರು ಹೇಳಲಿಲ್ಲ. ‘ದುಡ್ಡು ಕೊಡ್ತಾರೆ ಸಾರ್, ಊಟ ಹಾಕ್ತಾರೆ, ಶಾಸ್ತ್ರಕ್ಕೆ ನಾವು ಇರಬೇಕಲ್ಲ’ ಅಂದರು. ಡಿಜೆಗೆ ಕೊಟ್ಟಿದ್ದರ ಕಾಲು ಭಾಗವೂ ಇವರಿಗಿಲ್ಲ ಅಂತ ಆಮೇಲೆ ಹುಡುಗಿ ತಂದೆಯೇ ಹೇಳಿದರು. ಮಗ ಏನು ಮಾಡ್ತಾನೆ ಅಂದೆ. ಏರ್‌ಪೋರ್ಟ್ ಟ್ಯಾಕ್ಸಿ. 2008ರಲ್ಲಿ ವಿಮಾನ ಹಾರೋಕೆ ಶುರುವಾದ ಮೇಲೆ ಆ ಸುತ್ತಿನ ಎಷ್ಟು ಮನೆಯ ಹುಡುಗರು ಸ್ಟೇರಿಂಗ್ ಹಿಡಿದಿಲ್ಲ? ತಪ್ಪೇನಲ್ಲ. ಆದರೆ ತಂದೆ ಕಲಿತ ಪಲುಕುಗಳು ತಂದೆಯ ಜೊತೆಗೇ ಮುಗಿಯುತ್ತವೆ. ಪಕ್ಕದ ಚಿಕ್ಕಬಳ್ಳಾಪುರದ ಪಿಂಡಿಪಾಪನಹಳ್ಳಿಯ ತಮಟೆ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂದಾಗ ನಾವೆಲ್ಲ ಚಪ್ಪಾಳೆ ಹೊಡೆದೆವು, ನಾನೇ ಇದೇ ಕುರ್ಚಿಯಿಂದ ಹೊಡೆದೆ. ನಮ್ಮ ಮನೆ ಮದುವೆಗೆ ತಮಟೆಯವರನ್ನು ಕರೆಸಿದವರು ಎಷ್ಟು ಜನ? ನಾನು ಕರೆಸಲಿಲ್ಲ, ಒಪ್ಪಿಕೊಳ್ತೀನಿ.

ಲಂಡನ್ನಿನವರು ಮೊಜಾರ್ಟ್‌ಗೆ ಡಿಸ್ಕೋ ಸೇರಿಸಿದಾಗ ಪಿಟೀಲಿನವರನ್ನು ಎಬ್ಬಿಸಿ ಕಳಿಸಲಿಲ್ಲ ಸ್ವಾಮಿ. ಇಡೀ ವಾದ್ಯವೃಂದವನ್ನು ಕೂರಿಸಿ ನುಡಿಸಿದರು. ಯಂತ್ರದಂಥ ಡ್ರಮ್ ಪಕ್ಕದಲ್ಲೇ ಕೊಳಲಿನವರಿಗೂ ಕಹಳೆಯವರಿಗೂ ಕುರ್ಚಿ ಇತ್ತು, ಕೆಲಸ ಇತ್ತು. ರಾಗಕ್ಕೆ ಬೀಟ್ ಹಾಕಬಾರದು ಅಂತ ನಾನು ಹೇಳ್ತಿಲ್ಲ. ಬೀಟ್ ಹಾಕಿ. ಕುರ್ಚಿ ತೆಗೀಬೇಡಿ. ನಮ್ಮ ರಾಜ್ಯೋತ್ಸವದ ವೇದಿಕೆಗಳನ್ನೇ ನೋಡಿ, ನಾವು ‘ಆರ್ಕೆಸ್ಟ್ರಾ’ ಅಂತ ಕರೆಯೋದು ಒಂದು ಕೀಬೋರ್ಡು, ಒಂದು ರಿದಂ ಪ್ಯಾಡು, ನಾಲ್ಕು ಗಾಯಕರನ್ನ. ಮೊದಲು ತಬಲಾದವರು ಹೋದರು, ಆಮೇಲೆ ಕೊಳಲಿನವರು. ಈಗ ಟ್ರ್ಯಾಕ್ ಹಾಕಿ ಹಾಡೋದು ಬಂದಿದೆ, ಕೀಬೋರ್ಡಿನವರಿಗೂ ಕೆಲಸ ಕಡಿಮೆ.

ಊಟ ಆದ ಮೇಲೆ ಒಂದು ಚೇಷ್ಟೆ ಮಾಡಿದೆ. ಡಿಜೆ ಹುಡುಗ ವೈರ್ ಸುತ್ತುತ್ತಿದ್ದ, ಇಪ್ಪತ್ತೆರಡು ಇಪ್ಪತ್ಮೂರು ವಯಸ್ಸು ಇರಬೇಕು. ಕರ್ಕೊಂಡು ಹೋಗಿ ಹಿರಿಯರ ಮುಂದೆ ಕೂರಿಸಿದೆ. ‘ನಿನ್ನ ಬೀಟ್ ಸಣ್ಣಗೆ ಹಾಕಪ್ಪ, ಅವರು ನುಡಿಸ್ತಾರೆ’ ಅಂದೆ. ಹುಡುಗ ಮೊದಲು ಕೇಳಿದ್ದು, ‘ತಾತ, ನಿಮ್ಮ ಶ್ರುತಿ ಎಷ್ಟು?’ ಭೇಷ್ ಅನಿಸ್ತು. ಆದಿತಾಳದಲ್ಲಿ ಮೋಹನ ಎತ್ತಿಕೊಂಡರು. ಎಂಟು ಎಣಿಕೆ, ನಾಲ್ಕರ ಬೀಟು, ಸರಿಯಾಗಿ ಕೂತಿತು. ಪಾತ್ರೆ ತೊಳೆಯುತ್ತಿದ್ದ ಹೆಂಗಸರು ಬಂದು ನಿಂತರು. ಹಿರಿಯರಿಗೂ ಹುರುಪು. ಬೇಕಂತಲೇ ಮಿಶ್ರಚಾಪಿಗೆ ಜಾರಿದರು, ಏಳು ಎಣಿಕೆ. ಲ್ಯಾಪ್‌ಟಾಪು ನಾಲ್ಕರಲ್ಲೇ ಕುಟ್ಟುತ್ತಿತ್ತು. ಎಲ್ಲಾ ಕಲಸುಮೇಲೋಗರ. ಡೋಲಿನವನು ನಕ್ಕುಬಿಟ್ಟ. ಹುಡುಗ ಗಾಬರಿಯಾಗಿ ಬೀಟ್ ನಿಲ್ಲಿಸಿ, ‘ತಾತ, ಇನ್ನೊಂದ್ಸಲ, ನಿಧಾನಕ್ಕೆ’ ಅಂದ.

ಹಿರಿಯರು ನಾಗಸ್ವರ ಕೆಳಗಿಟ್ಟು ತೊಡೆ ತಟ್ಟಿದರು. ತಕಿಟ, ತಕದಿಮಿ. ತಕಿಟ, ತಕದಿಮಿ. ಹುಡುಗ ಲ್ಯಾಪ್‌ಟಾಪಿನ ಮುಚ್ಚಳದ ಮೇಲೆ ಬೆರಳಲ್ಲಿ ತಟ್ಟಿದ. ಮೂರನೇ ಸಲ ತಪ್ಪಿದ, ನಾಲ್ಕನೇ ಸಲ ಹಿಡಿದ. ಅಷ್ಟರಲ್ಲಿ ಮಂಟಪದವರು ಬಂದು, ಸಂಜೆಗೆ ಇನ್ನೊಂದು ಪಾರ್ಟಿ ಇದೆ, ಹಾಲ್ ಖಾಲಿ ಮಾಡಿ ಅಂದರು.