ಹನ್ನೆರಡು ಅಡಿ ಜಾಗ
(ಮಾಸಿಕ ಅನುಭಾವ ಗೋಷ್ಠಿಯಲ್ಲಿ ಮಾಡಿದ ಉಪನ್ಯಾಸದ ಬರಹರೂಪ)

 

ನನಗೆ ಕೊಟ್ಟ ವಿಷಯ ದೊಡ್ಡದು, ಕಾಯಕ ಮತ್ತು ತಂತ್ರಜ್ಞಾನ. ನಾನು ಅದರ ಒಂದು ಸಣ್ಣ ಮೂಲೆ ಹಿಡಿಯುತ್ತೇನೆ: ವಾಹನ ನಿಲ್ಲಿಸುವಲ್ಲಿ ಗಾಲಿಕುರ್ಚಿಯ ಚಿತ್ರ ಬರೆದಿರುತ್ತಾರಲ್ಲ, ಆ ಜಾಗ.

ಅದೇಕೆ ಅಷ್ಟು ಅಗಲ ಎಂದು ಅನೇಕರು ಕೇಳುತ್ತಾರೆ. ಸಾಮಾನ್ಯ ಕಾರಿಗೆ ಎರಡೂವರೆ ಮೀಟರ್ ಸಾಕು. ವಿಕಲಚೇತನರ ಜಾಗಕ್ಕೆ 2016ರ ರಾಷ್ಟ್ರೀಯ ಕಟ್ಟಡ ಸಂಹಿತೆ 3.6 ಮೀಟರ್ ಹೇಳುತ್ತದೆ, ಅಂದರೆ ಸುಮಾರು ಹನ್ನೆರಡು ಅಡಿ. ಅದೂ ಬಾಗಿಲಿನಿಂದ 30 ಮೀಟರ್ ಒಳಗೇ ಇರಬೇಕು. ಹೆಚ್ಚಿನ ಅಗಲ ಕಾರಿಗಾಗಿ ಅಲ್ಲ. ಕಾರಿನ ಬಾಗಿಲು ಪೂರ್ತಿ ತೆರೆಯಬೇಕು, ಪಕ್ಕದಲ್ಲಿ ಗಾಲಿಕುರ್ಚಿ ಬಿಚ್ಚಿ ನಿಲ್ಲಿಸಬೇಕು, ಸೀಟಿನಿಂದ ಕುರ್ಚಿಗೆ ಮೈ ಜರುಗಿಸಬೇಕು, ಆಸರೆ ಕೊಡುವವರಿಗೂ ಕಾಲೂರಲು ಸ್ಥಳ ಬೇಕು. ಆ ಖಾಲಿ ಪಟ್ಟಿಯಲ್ಲಿ ಒಂದು ಸ್ಕೂಟರ್ ನಿಂತರೂ ಕಾರಿನಲ್ಲಿದ್ದವರು ಕಾರಿನಲ್ಲೇ ಉಳಿಯುತ್ತಾರೆ.

ಇಷ್ಟು ಹೇಳುವ ನಾನೇನು ಮಾಡಿದೆ? ಸೇವೆಯಲ್ಲಿದ್ದಾಗ ನಮ್ಮ ಕಚೇರಿಯ ಅಂಗಳದಲ್ಲಿ ಆ ಗೆರೆ ಹಾಕಿಸಿದವನು ನಾನೇ, ಅಳತೆ ಪುಸ್ತಕದಲ್ಲಿ ಬರೆದು ಬಿಲ್ ಪಾಸು ಮಾಡಿದವನೂ ನಾನೇ. ಮರುವಾರದಿಂದ ನನ್ನ ಜೀಪು ಅಲ್ಲೇ ನಿಲ್ಲತೊಡಗಿತು. ಬೇವಿನ ನೆರಳಿತ್ತು, ಮೆಟ್ಟಿಲಿಗೆ ಹತ್ತಿರವಿತ್ತು. ಡ್ರೈವರ್ ಒಮ್ಮೆ ಅನುಮಾನಿಸಿದ. “ಇಲ್ಲಿ ಯಾರ ಬರ್ತಾರಪ್ಪ” ಅಂದೆ. ಯಾರೂ ಬರುತ್ತಿರಲಿಲ್ಲ, ನಿಜ. ಜಾಗ ತುಂಬಿದ್ದನ್ನು ಒಮ್ಮೆ ನೋಡಿ ಹಿಂತಿರುಗಿದವರು ಮತ್ತೇಕೆ ಬಂದಾರು? ಇದು ನನಗೆ ಹೊಳೆದದ್ದು ನಿವೃತ್ತನಾದ ಮೇಲೆ.

ನಮ್ಮ ಮನೆಯವರಿಗೆ ಪಾರ್ಶ್ವವಾಯು ಹೊಡೆದು ಎಡಭಾಗ ಸ್ವಾಧೀನ ತಪ್ಪಿತು. ಆಸ್ಪತ್ರೆಗೆ ಕರೆದೊಯ್ದರೆ ಗಾಲಿಕುರ್ಚಿಯ ಚಿತ್ರದ ಮೇಲೆಯೇ ಒಂದು ಕಾರು. ಆಗಷ್ಟೇ ಇಳಿದ ಯುವಕ, “ಎರಡ ನಿಮಿಷ ರೀ ಸರ, ಈಗ ಬಂದಬಿಡ್ತೀನಿ” ಎಂದು ಓಡಿದ. ನಲವತ್ತು ನಿಮಿಷ ಬಿಸಿಲಲ್ಲಿ ಕಾಯ್ದೆವು. ನಾನು ಕೂಗಾಡುತ್ತಿದ್ದೆ. ಆಕೆ ಮಾತ್ರ ಸಿಟ್ಟಾಗದೆ, “ಬೇವಿನ ಗಿಡದ ಕೆಳಗ ನಿಮ್ಮ ಜೀಪ್ ನಿಲ್ತಿತ್ತಲ್ರಿ, ಅದೂ ಇಂಥಾದ ಜಾಗಾ ಏನು?” ಎಂದು ಕೇಳಿದಳು. ನನ್ನ ಕೂಗಾಟ ನಿಂತಿತು.

ಕಾನೂನು ಇಲ್ಲವೆಂದಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಇದೆ. 1995ರ ಕಾಯ್ದೆಯಲ್ಲಿ 7 ಬಗೆಯ ವೈಕಲ್ಯಗಳಿದ್ದರೆ ಇದರಲ್ಲಿ 21 ಇವೆ, ಪಾರ್ಕಿನ್ಸನ್ ಕಾಯಿಲೆಯೂ ಸೇರಿದೆ. ಆದ್ದರಿಂದ ಆ ಜಾಗದಲ್ಲಿ ಇಳಿದವರು ನಾಲ್ಕು ಹೆಜ್ಜೆ ನಡೆದರೆಂದು ಜಗಳಕ್ಕೆ ಹೋಗಬೇಡಿ. ಎಲ್ಲ ತೊಂದರೆಯೂ ಕಣ್ಣಿಗೆ ಕಾಣುವುದಿಲ್ಲ. 2024ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು, ಇಂಥ ಸೌಕರ್ಯದ ನಿಯಮಗಳು ಬರೀ ಸಲಹೆಯಾಗಿ ಉಳಿಯಬಾರದು, ಕಡ್ಡಾಯವಾಗಬೇಕು ಎಂದು ಹೇಳಿದೆ. ಒಳ್ಳೆಯದೇ. ಆದರೆ ನಮ್ಮ ಕಲ್ಯಾಣಮಂಟಪದ ಮುಂದೆ ಕಾರು ಸರಿಸಲು ದಿಲ್ಲಿಯಿಂದ ಯಾರೂ ಬರುವುದಿಲ್ಲ. ಮಠದ ಕಾರ್ಯಕ್ರಮಗಳಲ್ಲಿ ವೇದಿಕೆಯ ಗಣ್ಯರ ಕಾರುಗಳೇ ಬಾಗಿಲಿಗೆ ಅಡ್ಡ ನಿಲ್ಲುವುದನ್ನು ಎಷ್ಟು ಸಲ ನೋಡಿಲ್ಲ? ಸ್ವಯಂಸೇವಕ ಹುಡುಗರು ಅವರಿಗೆ ಹೇಳಲು ಅಂಜುತ್ತಾರೆ. ಹಿರಿಯರಾದ ನಾವೇ ಹೇಳಬೇಕು.

ನಾನು ಬರುವಾಗ ಈ ಭವನದ ಇಳಿಜಾರಿನ ಬುಡದಲ್ಲಿ ಎರಡು ಬೈಕು, ಒಂದು ಬಿಳಿ ಕಾರು ನಿಂತಿದ್ದವು. ಯಾರವೆಂದು ಕೇಳುವುದಿಲ್ಲ. ಪ್ರಸಾದಕ್ಕೆ ಏಳುವ ಮೊದಲು ದಯವಿಟ್ಟು ಸರಿಸಿ ಬನ್ನಿ. ನಮ್ಮ ಮನೆಯವರು ಗೇಟಿನ ಹತ್ತಿರ ಇನ್ನೂ ಕಾರಿನಲ್ಲೇ ಕುಳಿತಿದ್ದಾರೆ.