ಎರಡನೆಯ ಗೆರೆ



ಮೆಡಿಕಲ್ ಶಾಪಿನಲ್ಲಿ ಪ್ರೆಗ್ನೆನ್ಸಿ ಕಿಟ್ ಕೇಳಿದರೆ ಎಷ್ಟೋ ಕಡೆ ಪೇಪರಿನಲ್ಲಿ ಸುತ್ತಿ, ಕಪ್ಪು ಕವರಿಗೆ ಹಾಕಿ ಕೊಡುತ್ತಾರೆ. ಜ್ವರದ ಮಾತ್ರೆಗಿಲ್ಲದ ಗುಟ್ಟು ಇದಕ್ಕೆ. ಆಮೇಲೆ ಬಚ್ಚಲುಮನೆಯ ಬಾಗಿಲು ಹಾಕಿಕೊಂಡು, ಬೆಳಗಿನ ಮೊದಲ ಮೂತ್ರದ ನಾಲ್ಕು ಹನಿ ಹಾಕಿ ಕಾಯುವುದು. ‘ಸಿ’ ಅಕ್ಷರದ ಎದುರು ಗೆರೆ ಬಂದರೆ ಕಿಟ್ ಸರಿಯಿದೆ ಎಂದರ್ಥ. ‘ಟಿ’ ಎದುರೂ ಗುಲಾಬಿ ಬಣ್ಣ ಏರಿತೋ, ಗರ್ಭ ನಿಂತಿದೆ. ಗೆರೆ ತೆಳುವಾಗಿದ್ದರೂ ಸಾಮಾನ್ಯವಾಗಿ ಹಾಗೆಯೇ ಲೆಕ್ಕ.

ಮಗುವಿಗಾಗಿ ಹಂಬಲಿಸಿದವರಿಗೆ ಅದು ಹಬ್ಬ. ಆದರೆ ಮಗಳು ಪಿಯುಸಿ ಓದುತ್ತಿರುವಾಗ, ಮುಟ್ಟು ನಿಲ್ಲುವ ಕಾಲ ಬಂತೇನೋ ಅಂದುಕೊಂಡಿದ್ದ ನಲವತ್ತು ದಾಟಿದ ಹೆಂಗಸಿಗೆ? ಆ ವಯಸ್ಸಿನಲ್ಲಿ ತಿಂಗಳು ಹಿಂದುಮುಂದಾಗುವುದುಂಟು. ಪೂರ್ತಿ ಒಂದು ವರ್ಷ ಮುಟ್ಟಿಲ್ಲದೆ ಕಳೆಯುವ ತನಕ ಬಸಿರಾಗುವ ಸಾಧ್ಯತೆ ಇದ್ದೇ ಇರುತ್ತದೆ; ಇದನ್ನು ನಮಗೆ ಯಾರೂ ಬಿಡಿಸಿ ಹೇಳುವುದಿಲ್ಲ. “ಈ ವಯಸ್ಸಲ್ಲಿ ಇದೇನೇ?” ಎಂಬ ಮಾತು ಇನ್ನೊಬ್ಬರ ಬಾಯಿಗೆ ಬರುವ ಮೊದಲೇ ಅವಳ ಕಿವಿಗೆ ಬಿದ್ದಿರುತ್ತದೆ. ನಾಚಿಕೆಯೆಲ್ಲ ಅವಳ ಪಾಲಿಗೆ. ಗಂಡನನ್ನು ಗೆಳೆಯರು ಬೆನ್ನು ತಟ್ಟಿ ರೇಗಿಸುತ್ತಾರೆ, ಅಷ್ಟೇ.

ಅಳು, ಸಿಟ್ಟು, ನಡುವೆ ಎಲ್ಲೋ ಚೂರು ಖುಷಿಯೂ ಬರಬಹುದು. ಖುಷಿಯಾಗಲಿಲ್ಲ ಎಂದರೆ ಅವಳು ಕಟುಕಿಯಲ್ಲ. ಆದರೆ ಮನೆಯವರಿಗೆ ಇಷ್ಟೊಂದು ಗೊಂದಲ ಬೇಡ. ಅತ್ತೆ “ದೇವರು ಕೊಟ್ಟಿದ್ದು” ಅನ್ನುತ್ತಾರೆ, ಗಂಡ “ತೆಗೆಸಿಬಿಡೋಣ” ಅನ್ನುತ್ತಾನೆ. ಇಬ್ಬರ ತೀರ್ಮಾನವೂ ಕಾಫಿ ಆರುವುದರೊಳಗೆ ಮುಗಿದಿರುತ್ತದೆ. “ನಿನಗೇನನ್ನಿಸ್ತಿದೆ?” ಎಂದು ಕೇಳಿದವರು ಮಾತ್ರ ಸಿಗುವುದಿಲ್ಲ.

ಈ ವಿಷಯದಲ್ಲಿ ನಮ್ಮ ಕಾನೂನು ನಮ್ಮ ಪಡಸಾಲೆಗಿಂತ ಸಮಾಧಾನದ್ದು. ಗರ್ಭಪಾತದ ಕಾಯಿದೆ ಬಂದದ್ದು 1971ರಲ್ಲಿ, ದೊಡ್ಡ ತಿದ್ದುಪಡಿ 2021ರಲ್ಲಿ. ಗರ್ಭನಿರೋಧಕ ಕೈಕೊಟ್ಟು ಬಸಿರಾಗಿದ್ದರೆ, 20 ವಾರದವರೆಗೆ ಒಬ್ಬ ನೋಂದಾಯಿತ ವೈದ್ಯರ ಅಭಿಪ್ರಾಯ ಸಾಕು. 18 ತುಂಬಿದ ಹೆಣ್ಣಿಗೆ ಅವಳ ಸ್ವಂತ ಒಪ್ಪಿಗೆಯೇ ಸಾಕು, ಗಂಡನ ಸಹಿ ಬೇಕೆಂದು ಕಾಯಿದೆಯಲ್ಲಿ ಎಲ್ಲಿಯೂ ಇಲ್ಲ. ಕೆಲವು ಕಡೆ ಆ ಸಹಿ ಕೇಳುತ್ತಾರೆ, ಅದು ಬೇರೆ ಮಾತು. ಮದುವೆಯಾಗದವರಿಗೂ ಸಮಾನ ಹಕ್ಕಿದೆ ಎಂದು ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿತು. ಗರ್ಭಪಾತ ಮಾಡಿಸಿಕೊಂಡವಳ ಹೆಸರನ್ನು ವೈದ್ಯರು ಗುಟ್ಟಾಗಿಡಬೇಕು.

ಹಾಗಾಗಿ ಮೊದಲ ಎರಡು ದಿನ ಏನನ್ನೂ ತೀರ್ಮಾನಿಸದೆ ಇರಲು ಅವಳಿಗೆ ಅವಕಾಶವಿದೆ. ಮಾಡಬೇಕಾದ ಕೆಲಸ ಒಂದೇ: ಕಡೆಯ ಮುಟ್ಟಿನ ಮೊದಲ ದಿನ ಯಾವುದು ಎಂದು ನೆನಪಿಸಿಕೊಂಡು ಡಾಕ್ಟರನ್ನು ಕಾಣುವುದು. ವಾರದ ಲೆಕ್ಕ ಶುರುವಾಗುವುದು ಆ ದಿನದಿಂದ. ತಿಂಗಳು ತಪ್ಪಿದ ಮರುದಿನವೇ ಪರೀಕ್ಷೆ ಮಾಡಿಕೊಂಡರೂ ಆಗಲೇ ನಾಲ್ಕು ವಾರವಾಗಿರುತ್ತದೆ. ಕೇಳಿದವರಿಗೆ ಮೋಸ ಅನ್ನಿಸುತ್ತದೆ, ಆದರೆ ಲೆಕ್ಕ ಹಾಗೆಯೇ. ಹೊಟ್ಟೆಯ ಒಂದು ಪಕ್ಕದಲ್ಲಿ ತೀರಾ ನೋವು, ತಲೆಸುತ್ತು ಬಂದರೆ ಕಾಯಬಾರದು. ಗರ್ಭ ಅಂಡನಾಳದಲ್ಲಿ ನಿಂತಿದ್ದರೆ ಜೀವಕ್ಕೇ ಅಪಾಯ. ಅಂಗಡಿಯವನನ್ನು ಕೇಳಿ ತಾವೇ ಗರ್ಭಪಾತದ ಮಾತ್ರೆ ನುಂಗುವುದೂ ಇದಕ್ಕಾಗಿಯೇ ಬೇಡ.

ಉಳಿಸಿಕೊಳ್ಳುವುದಾದರೆ ಆಶಾ ಕಾರ್ಯಕರ್ತೆ ಮನೆಗೇ ಬಂದು ಹೆಸರು ಬರೆದುಕೊಳ್ಳುತ್ತಾರೆ, ತಾಯಿ ಕಾರ್ಡ್ ಸಿಗುತ್ತದೆ. ನಲವತ್ತರ ಮೇಲೆ ಬಿಪಿ, ಶುಗರ್ ಬೇಗನೆ ನೋಡಿಸಬೇಕು. ಬೇಡವೆಂದರೂ ಡಾಕ್ಟರೇ ದಾರಿ. ಯಾರ ಹತ್ತಿರವೂ ಹೇಳಿಕೊಳ್ಳಲಾಗದೆ ರಾತ್ರಿ ಕಳೆಯುವುದೇ ಕಷ್ಟವಾದರೆ 14416ಕ್ಕೆ ಫೋನ್ ಮಾಡಬಹುದು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಅದು, ಕನ್ನಡದಲ್ಲಿ ಮಾತಾಡುತ್ತಾರೆ, ದುಡ್ಡು ಕೊಡಬೇಕಿಲ್ಲ.

ಇನ್ನು ಅವಳ ಪಕ್ಕದಲ್ಲಿರುವವರು. ನೀವು ಅಕ್ಕನೋ, ಗಂಡನೋ, ಗೆಳತಿಯೋ ಆಗಿರಬಹುದು. ಆಸ್ಪತ್ರೆಗೆ ಜೊತೆಗೆ ಹೋಗಿ. ಟೋಕನ್ ತೆಗೆದುಕೊಳ್ಳಿ, ಸ್ಕ್ಯಾನಿಂಗ್ ಸಾಲಿನಲ್ಲಿ ನಿಲ್ಲಿ, ನೀರಿನ ಬಾಟಲಿ ಹಿಡಿದುಕೊಳ್ಳಿ. ಡಾಕ್ಟರ್ ಒಳಗೆ ಕರೆದಾಗ, ಅವಳಾಗಿ “ನೀವೂ ಬನ್ನಿ” ಅನ್ನದಿದ್ದರೆ ಹೊರಗಿನ ಬೆಂಚಿನಲ್ಲೇ ಕೂತಿರಿ.