ನೆಟ್ ಪರೀಕ್ಷೆ ಮತ್ತು ಕನ್ನಡ ಎಂ.ಎ.



ಕನ್ನಡ ಎಂ.ಎ. ಮುಗಿಸಿದ ಮಕ್ಕಳು ಇಂದಿಗೂ ಶ್ರೀರಂಗಪಟ್ಟಣದ ನಮ್ಮ ಮನೆಗೆ ಬರುವುದುಂಟು. ನಾಗಮಂಗಲ, ಪಾಂಡವಪುರ, ಕೃಷ್ಣರಾಜಪೇಟೆಗಳಿಂದ ಬಸ್ಸು ಹಿಡಿದು ಬರುವ ಅವರೆಲ್ಲರ ಪ್ರಶ್ನೆ ಒಂದೇ: 'ನೆಟ್ ಪರೀಕ್ಷೆಗೆ ಹೇಗೆ ಸಿದ್ಧವಾಗಬೇಕು, ಸಾರ್?'

ವಿಶ್ವವಿದ್ಯಾನಿಲಯ ಧನಸಹಾಯ ಆಯೋಗದ ಈ ರಾಷ್ಟ್ರೀಯ ಅರ್ಹತಾ ಪರೀಕ್ಷೆ ಆರಂಭವಾದದ್ದು 1989ರಲ್ಲಿ. ಅಧ್ಯಾಪಕ ಹುದ್ದೆಯ ಅರ್ಹತೆಗೂ ಸಂಶೋಧನ ವೇತನಕ್ಕೂ ಮೀಸಲಾಗಿದ್ದ ಇದು 2024ರಿಂದ ಪಿಎಚ್.ಡಿ. ಪ್ರವೇಶಕ್ಕೂ ಬಾಗಿಲಾಗಿದೆ. ಅಂಥ ಪ್ರವೇಶದಲ್ಲಿ ಈ ಪರೀಕ್ಷೆಗೆ ಶೇಕಡ 70, ಸಂದರ್ಶನಕ್ಕೆ ಶೇಕಡ 30 ಬೆಲೆ.

ಪತ್ರಿಕೆಗಳು ಎರಡು. ಮೊದಲನೆಯದರಲ್ಲಿ 50 ಪ್ರಶ್ನೆ, 100 ಅಂಕ. ಎರಡನೆಯದರಲ್ಲಿ 100 ಪ್ರಶ್ನೆ, 200 ಅಂಕ. ಎರಡಕ್ಕೂ ಸೇರಿ ಮೂರು ಗಂಟೆ. ಎಂದರೆ ಒಂದು ಪ್ರಶ್ನೆಗೆ 72 ಸೆಕೆಂಡು. ಮೊದಲ ಪತ್ರಿಕೆ ಬೋಧನೆ, ಸಂಶೋಧನೆ, ತರ್ಕ, ಗಣಿತ, ಅಂಕಿ ಅಂಶ, ಪರಿಸರ ಮೊದಲಾದ ಹತ್ತು ಘಟಕಗಳದು. ಅದು ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ ಇರುತ್ತದೆ. ಹಳಗನ್ನಡವನ್ನು ನಿರರ್ಗಳವಾಗಿ ಓದಬಲ್ಲ ನಮ್ಮ ಮಕ್ಕಳು ಎಡವುವುದು ಇಲ್ಲಿಯೇ.

ಸಹಾಯಕ ಪ್ರಾಧ್ಯಾಪಕರ ಅರ್ಹತೆಗೆ ಎರಡೂ ಪತ್ರಿಕೆಗಳಲ್ಲಿ ಒಟ್ಟು ಶೇಕಡ 40, ಮೀಸಲು ವರ್ಗದವರಿಗೆ ಶೇಕಡ 35 ಅಂಕ ಬರಲೇಬೇಕು. ಅಷ್ಟು ಬಂದರೂ ಸಾಲದು. ಎರಡೂ ಪತ್ರಿಕೆ ಬರೆದವರಲ್ಲಿ ಅರ್ಹರಾಗುವವರು ಶೇಕಡ ಆರರಷ್ಟು ಮಂದಿ ಮಾತ್ರ. ಫಲಿತಾಂಶದಲ್ಲಿ ಪರ್ಸೆಂಟೈಲ್ ಎಂಬ ಇನ್ನೊಂದು ಲೆಕ್ಕವೂ ಇರುತ್ತದೆ. ತೊಂಬತ್ತು ಪರ್ಸೆಂಟೈಲ್ ಎಂದರೆ ತೊಂಬತ್ತು ಅಂಕವಲ್ಲ; ನೂರು ಜನರಲ್ಲಿ ತೊಂಬತ್ತು ಜನರ ಅಂಕ ನಿಮ್ಮಷ್ಟೇ ಅಥವಾ ನಿಮಗಿಂತ ಕಡಿಮೆ ಎಂದರ್ಥ.

ಈಗ ನನ್ನ ತಪ್ಪೊಂದನ್ನು ಹೇಳಿಕೊಳ್ಳಬೇಕು. ನಾಗಮಂಗಲದ ಕಡೆಯ ರೈತರ ಮಗಳೊಬ್ಬಳು ಹತ್ತು ಅಂಕಗಳಿಂದ ಅರ್ಹತೆ ಕಳೆದುಕೊಂಡು ಬಂದಳು. ವಿಚಾರಿಸಿದರೆ, ಇಪ್ಪತ್ತೆಂಟು ಪ್ರಶ್ನೆಗಳನ್ನು ಹಾಗೆಯೇ ಬಿಟ್ಟಿದ್ದಳು. 'ತಿಳಿಯದುದನ್ನು ಬರೆಯಬಾರದೆಂದು ನೀವೇ ಹೇಳಿದ್ದಿರಲ್ಲ, ಸಾರ್' ಎಂದಳು. ಜೀವಮಾನವೆಲ್ಲ ನಾನು ಬೋಧಿಸಿದ ಮಾತು ಅದು. ಆದರೆ ಈ ಪರೀಕ್ಷೆಯಲ್ಲಿ ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ನಾಲ್ಕರಲ್ಲಿ ಒಂದನ್ನು ಸುಮ್ಮನೆ ಆರಿಸಿದ್ದರೂ ಸರಾಸರಿಯ ಲೆಕ್ಕದಲ್ಲಿ ಏಳು ಸರಿಯಾಗಿ, ಹದಿನಾಲ್ಕು ಅಂಕ ಬರುತ್ತಿತ್ತು. ನಿಯಮವನ್ನು ಓದದೆ ನೀತಿಯನ್ನು ಹೇಳಿದ್ದು ನನ್ನ ತಪ್ಪು. ಮುಂದಿನ ಸಲ ಒಂದನ್ನೂ ಬಿಡದೆ ಉತ್ತರಿಸಿ ಆಕೆ ಅರ್ಹಳಾದಳು. ಕಳೆದುಹೋದ ತಿಂಗಳುಗಳನ್ನು ಮಾತ್ರ ನಾನು ಹಿಂದಿರುಗಿಸಲಾರೆ.

ಹಾಗಾದರೆ ಇದು ಕೇವಲ ಅದೃಷ್ಟದ ಆಟವೇ? ಅಲ್ಲ. ನಾವು ಪ್ರಬಂಧ ಬರೆದ ಕಾಲದಲ್ಲಿ ಮೌಲ್ಯಮಾಪಕರ ಮನಸ್ಸಿನ ಏರಿಳಿತವೂ ಅಂಕದಲ್ಲಿ ಸೇರುತ್ತಿತ್ತು; ಆ ಪಕ್ಷಪಾತ ಇಲ್ಲಿಲ್ಲ. ಆದರೆ ಇಲ್ಲಿ ಕಾಣದುದೂ ಒಂದುಂಟು. ಶ್ರೀರಂಗಪಟ್ಟಣದ ಅರಮನೆಯ ಹೊನ್ನಮ್ಮನಿಗೆ 'ಹದಿಬದೆಯ ಧರ್ಮ', ಸಿಂಗರಾರ್ಯನಿಗೆ 'ಮಿತ್ರವಿಂದಾ ಗೋವಿಂದ', ಕಿಕ್ಕೇರಿಯ ನರಸಿಂಹಸ್ವಾಮಿಯವರಿಗೆ 'ಮೈಸೂರ ಮಲ್ಲಿಗೆ', ಅಕ್ಕಿಹೆಬ್ಬಾಳಿನ ಮೂರ್ತಿರಾಯರಿಗೆ 'ಹಗಲುಗನಸುಗಳು' ಎಂದು ಹೊಂದಿಸಿದವರಿಗೆಲ್ಲ ಎರಡೆರಡು ಅಂಕ. ಅವುಗಳಲ್ಲಿ ಒಂದನ್ನಾದರೂ ತೆರೆದು ನೋಡಿದವರು ಯಾರು, ಪಟ್ಟಿಯನ್ನು ಉರು ಹೊಡೆದವರು ಯಾರು ಎಂಬುದು ಯಂತ್ರಕ್ಕೆ ತಿಳಿಯದು. ಸಂದರ್ಶನದ ಶೇಕಡ 30 ಇರುವುದು ಅದಕ್ಕಾಗಿ ಎಂದು ನಾನು ಭಾವಿಸುತ್ತೇನೆ.

ಆದುದರಿಂದ ಮಕ್ಕಳಿಗೆ ನನ್ನ ಈಗಿನ ಮಾತು ಇಷ್ಟು: ನಿಯಮವನ್ನು ಮೊದಲು ಓದಿರಿ. ಮೊದಲ ಪತ್ರಿಕೆಯನ್ನು ಕಡೆಗಣಿಸಬೇಡಿರಿ. ಪರೀಕ್ಷೆಯಲ್ಲಿ ಒಂದು ಪ್ರಶ್ನೆಯನ್ನೂ ಬಿಡಬೇಡಿರಿ. ಮನೆಯಲ್ಲಿ ಒಂದು ಕೃತಿಯನ್ನೂ ಪಟ್ಟಿಯಾಗಿ ಮಾತ್ರ ಓದಬೇಡಿರಿ. ಅಂಕಪಟ್ಟಿ ನಿಮ್ಮನ್ನು ತರಗತಿಯ ಬಾಗಿಲವರೆಗೆ ತಲುಪಿಸೀತು. ಒಳಗೆ ಹೋದ ಮೇಲೆ ಮಕ್ಕಳ ಮುಂದೆ ತೆರೆಯಬೇಕಾದದ್ದು ಪುಸ್ತಕವನ್ನೇ.